ವಕೀಲರ ಕಡತಗಳೂ ಮೇಘದ ಉಗ್ರಾಣವೂ

ಗೃಹಸ್ಥಾಶ್ರಮದಲ್ಲಿರುವವನು ತನ್ನ ಜೀವಮಾನದಲ್ಲಿ ಒಂದಲ್ಲ ಒಂದು ಸಲ ವಕೀಲರ ಕಚೇರಿಯ ಮೆಟ್ಟಲನ್ನು ಹತ್ತಲೇಬೇಕಾಗುತ್ತದೆ. ವ್ಯಾಜ್ಯವೆಂದರೆ ಹೆದರಿ ದೂರವಿರುವ ಸಾಧುಸ್ವಭಾವದವನೂ ಮನೆ ಕೊಳ್ಳುವಾಗ, ಮಕ್ಕಳಿಗೆ ಪಾಲು ಹಂಚುವಾಗ, ವೀಲುನಾಮೆ ಬರೆಯಿಸುವಾಗ ಅಲ್ಲಿಗೆ ಹೋಗದೆ ವಿಧಿಯಿಲ್ಲ. ಹೋಗುವಾಗ ಕೈಯಲ್ಲಿ ಕಾಗದಗಳದೊಂದು ಕಟ್ಟು ಇರುತ್ತದೆ, ಬರುವಾಗ ಬರಿಗೈ. ಆ ಕಟ್ಟು ಆಮೇಲೆ ಎಲ್ಲಿರುತ್ತದೆ, ಯಾರ ವಶದಲ್ಲಿರುತ್ತದೆ, ಹತ್ತು ವರ್ಷಗಳ ತರುವಾಯ ಕೇಳಿದರೆ ದೊರಕೀತೋ ಇಲ್ಲವೋ ಎಂಬ ವಿಚಾರವನ್ನು ಮಾಡುವವರು ಬಹಳ ವಿರಳ.

ನಮಗಾದರೋ ಈ ವಿಚಾರವು ಬಾಲ್ಯದಲ್ಲಿಯೇ ತಲೆಗೆ ಹೊಕ್ಕಿತು. ೧೯೭೪ನೆಯ ಇಸವಿಯ ಮಾರ್ಚ್ ೧ರಿಂದ ಭೂಸುಧಾರಣೆಯ ತಿದ್ದುಪಡಿ ಶಾಸನವು ಜಾರಿಗೆ ಬಂದು, ಗೇಣಿಯ ಜಮೀನುಗಳು ಸರಕಾರಕ್ಕೆ ಸೇರಿ, ಉಳುತ್ತಿದ್ದ ಒಕ್ಕಲುಗಳು ಭೂನ್ಯಾಯ ಮಂಡಳಿಯ ಮುಂದೆ ತಮ್ಮ ಹಕ್ಕನ್ನು ಸ್ಥಾಪಿಸಿಕೊಳ್ಳತಕ್ಕ ಕಾಲ ಒದಗಿತ್ತು. ನಮ್ಮ ತೀರ್ಥರೂಪರು ಕಾಪುವಿನ ಸಮೀಪ ಒಂದು ಬೈಲುಗದ್ದೆಯನ್ನೂ ಒಂದು ಮಜಲುಗದ್ದೆಯನ್ನೂ ಚಾಲಗೇಣಿಗೆ ಮಾಡುತ್ತಿದ್ದರು. ಬಹುವರ್ಷಗಳ ಗೇಣಿರಶೀದಿಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಕಾಪಾಡಿಕೊಂಡು ಬಂದಿದ್ದ ಅವರು ಅವನ್ನು ಒಬ್ಬ ವಕೀಲರ ಕಚೇರಿಗೆ ಒಪ್ಪಿಸಿದರು. ವಿಚಾರಣೆಗೆ ಎರಡು ವರ್ಷ ತಡವಾಯಿತು. ಆ ಎರಡು ಮಳೆಗಾಲಗಳಲ್ಲಿ ಗೋಡೆಯೊಳಗಿನ ಗೆದ್ದಲು ಕಪಾಟಿಗೆ ಹತ್ತಿ ರಶೀದಿಗಳನ್ನು ಮಣ್ಣುಮಾಡಿತ್ತು. ಬೈಲುಗದ್ದೆಗೆ ಬಾಯಿಸಾಕ್ಷಿಗಳಿದ್ದುದರಿಂದ ಅದು ಉಳಿಯಿತು, ಮಜಲುಗದ್ದೆ ಹೋಯಿತು. ವಕೀಲರು ಸಜ್ಜನರೇ ಆಗಿದ್ದರು. ಬಹಳ ವ್ಯಸನಪಟ್ಟು ಫೀಸನ್ನು ಹಿಂದಕ್ಕೆ ಕೊಟ್ಟರಂತೆ. ನಮಗೆ ಆಗ ಹನ್ನೆರಡು ವರ್ಷ. ಆ ಗದ್ದೆಯ ಹುಣಿಯ ಮೇಲೆ ನಡೆದು ಶಾಲೆಗೆ ಹೋಗುತ್ತಿದ್ದ ನಾವು ಮರುವರ್ಷದಿಂದ ಸುತ್ತುದಾರಿಯನ್ನು ಹಿಡಿಯಬೇಕಾಯಿತು.

ಆದಕಾರಣ, ಉಡುಪಿಯಲ್ಲಿ ವಕೀಲಿ ವೃತ್ತಿಯನ್ನು ನಡೆಸುತ್ತಿರುವ ನಮ್ಮ ಹಳೆಯ ಶಿಷ್ಯರೊಬ್ಬರು ಕಳೆದ ವರ್ಷ ಮನೆಗೆ ಬಂದು, "ಮಾಷ್ಟ್ರೇ, ನಮ್ಮ ಕಚೇರಿಯ ಕೆಲಸವನ್ನೆಲ್ಲ ಕ್ಲೌಡಿಗೆ ಹಾಕಬೇಕೆಂದು ಉಂಟು. ತಂದೆಯವರ ಕಾಲದ ಕಾಗದಗಳನ್ನು ಓದಿ ಪಟ್ಟಿ ಮಾಡಿಕೊಡಲಿಕ್ಕೆ ನೀವು ಬರಬೇಕು. ಆ ಮೋಡಿ ಅಕ್ಷರವನ್ನು ಈಗಿನ ಮಕ್ಕಳು ಓದಲಾರರು" ಎಂದು ಕೇಳಿಕೊಂಡಾಗ ನಾವು ಇಲ್ಲವೆನ್ನಲಿಲ್ಲ. ಕ್ಲೌಡೆಂದರೆ ಮೇಘವೆಂದು ಮಕ್ಕಳಿಗೂ ಗೊತ್ತು. ಮೇಘದ ಕೈಯಲ್ಲಿ ಸಂದೇಶವನ್ನು ಕಳುಹಿಸಿದ ಯಕ್ಷನ ಕಥೆಯನ್ನು ಮೂವತ್ತು ವರ್ಷ ಪಾಠ ಹೇಳಿದ ನಮಗೂ, ಜನರ ಕ್ರಯಪತ್ರಗಳನ್ನು ಮೇಘದ ಕೈಗೆ ಕೊಡುವುದೆಂದಾಗ ಎದೆ ಅಳುಕಿತು. "ಗೆದ್ದಲಿನ ಬಾಯಿಂದ ತಪ್ಪಿಸಿ ಗಾಳಿಯ ಬಾಯಿಗೆ ಹಾಕುತ್ತೀಯಾ?" ಎಂದು ಕೇಳಿದೆವು. ಅವರು ನಕ್ಕು, "ನೀವೇ ನಾಲ್ಕು ದಿನ ಕುಳಿತು ನೋಡಿ" ಎಂದರು. ನಾಲ್ಕು ದಿನವೆಂದು ಹೋದವರು ನಾಲ್ಕು ತಿಂಗಳು ಕುಳಿತೆವು. ಅಲ್ಲಿ ಕಂಡುದನ್ನು ಗೃಹಸ್ಥರ ಉಪಯೋಗಕ್ಕಾಗಿ ಇಲ್ಲಿ ನಿವೇದಿಸುತ್ತೇವೆ.

ಕಚೇರಿಯು ಚಿಕ್ಕದು. ವಕೀಲರು, ಅವರ ಕೈಕೆಳಗೆ ಒಬ್ಬ ಯುವತಿ ವಕೀಲೆ, ಇಬ್ಬರು ಗುಮಾಸ್ತರು; ಒಟ್ಟು ನಾಲ್ಕು ಜನ. ಕೆಲಸವಾದರೋ ನಾಲ್ಕು ದಿಕ್ಕಿಗೆ ಹರಡಿಕೊಂಡದ್ದು. ಉಡುಪಿಯ ನ್ಯಾಯಾಲಯಗಳಲ್ಲಿ ದಿನಂಪ್ರತಿ ವಾಯಿದೆ; ಕಾರ್ಕಳದ ನ್ಯಾಯಾಲಯಗಳಲ್ಲಿ ವಾರಕ್ಕೆ ಎರಡು ದಿನ; ಕಂದಾಯದ ಅಪೀಲುಗಳಿದ್ದರೆ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿಗಳ ಕಚೇರಿ; ಕಕ್ಷಿಗಾರರು ಬಹುಮಟ್ಟಿಗೆ ಕಾಪುವಿನ ಕಡೆಯವರು. ಈ ಎಲ್ಲ ವಾಯಿದೆಗಳೂ ಹಿರಿಯ ಗುಮಾಸ್ತರ ಮೇಜಿನ ಮೇಲಿನ ಒಂದು ಕೆಂಪು ರಟ್ಟಿನ ಡೈರಿಯಲ್ಲಿದ್ದುವು. ಗುಮಾಸ್ತರಿಗೆ ಜ್ವರ ಬಂದರೆ ಡೈರಿಯನ್ನು ಓದುವವರಿಲ್ಲ. ಡೈರಿಯನ್ನು ಅವರು ಕಾರ್ಕಳಕ್ಕೆ ಒಯ್ದರೆ ಉಡುಪಿಯಲ್ಲಿ ಕುಳಿತವರಿಗೆ ನಾಳಿನ ದಿನವೇ ತಿಳಿಯದು. ಕಾರ್ಕಳದಲ್ಲಿ ನಿಂತ ವಕೀಲೆಗೆ ಒಂದು ಹಳೆಯ ತೀರ್ಪಿನ ನಕಲು ಬೇಕಾದರೆ ಉಡುಪಿಯಿಂದ ಯಾರಾದರೂ ಬಸ್ಸು ಹತ್ತಬೇಕು.

ಇನ್ನು ಕಪಾಟುಗಳ ವಿಷಯ. ದಕ್ಷಿಣ ಕನ್ನಡ ಜಿಲ್ಲೆಯು ೧೯೫೬ನೆಯ ಇಸವಿಯ ನವೆಂಬರ್ ೧ರ ತನಕ ಮದರಾಸು ಆಡಳಿತದಲ್ಲಿತ್ತು. ಅದರಿಂದ ಉಡುಪಿ ಜಿಲ್ಲೆಯು ಬೇರೆಯಾದದ್ದು ೧೯೯೭ರಲ್ಲಿ. ಆದುದರಿಂದ ಇಲ್ಲಿಯ ಹಳೆಯ ಕಡತವೊಂದನ್ನು ಬಿಚ್ಚಿದರೆ ಮದರಾಸು ಕಾಲದ ಅಡಂಗಲಿನ ನಕಲು, ಮೂಲಗೇಣಿ ಚೀಟು, ಅಳಿಯಸಂತಾನ ಕುಟುಂಬಗಳ ವಿಭಾಗಪತ್ರ, ಭೂನ್ಯಾಯ ಮಂಡಳಿಯ ತೀರ್ಪು ಎಲ್ಲವೂ ಒಂದರ ಮೇಲೊಂದು ಪದರವಾಗಿ ದೊರೆಯುತ್ತವೆ. ಇವುಗಳಲ್ಲಿ ನೋಂದಣಿಯಾದ ಪತ್ರದ ನಕಲನ್ನು ಸಬ್‌ರಿಜಿಸ್ಟ್ರಾರರ ಕಚೇರಿಯಿಂದ ಮತ್ತೆ ಪಡೆಯಬಹುದು. ನೋಂದಣಿಯಾಗದ ಚೀಟು ಹೋದರೆ ಹೋಯಿತು. ೨೦೨೦ನೆಯ ಇಸವಿಯ ಸಪ್ಟೆಂಬರ್ ೨೦ರಂದು ಉಡುಪಿಯಲ್ಲಿ ಉಂಟಾದ ಮಹಾಪೂರವನ್ನು ವಾಚಕರು ಮರೆತಿರಲಾರರು. ಅಂದು ಈ ಕಚೇರಿಯ ಕೆಳಗಿನ ಎರಡು ಹಲಗೆಗಳ ಕಡತಗಳು ನೀರುಂಡುವು. ಅದೇ ವರ್ಷ ಮಹಾಮಾರಿಯ ದೆಸೆಯಿಂದ ಕಚೇರಿಗೇ ಹೋಗಲಾಗದ ತಿಂಗಳುಗಳೂ ಬಂದುವು. ಸರ್ವೋಚ್ಚ ನ್ಯಾಯಾಲಯವು ೨೦೨೦ರ ಮಾರ್ಚ್ ೧೫ರಿಂದ ೨೦೨೨ರ ಫೆಬ್ರವರಿ ೨೮ರ ವರೆಗಿನ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಬಿಡಿಸಿದುದರಿಂದ ಅನೇಕರ ಹಕ್ಕುಗಳು ಉಳಿದುವು. ಅಂಥ ಕೃಪೆ ಪ್ರತಿ ಮಳೆಗಾಲದಲ್ಲಿಯೂ ದೊರೆಯತಕ್ಕದ್ದಲ್ಲವೆಂದು ನಮ್ಮ ಶಿಷ್ಯರಿಗೆ ಆಗಲೇ ಮನವರಿಕೆಯಾಯಿತು.

ಹಾಗಾದರೆ ಮೇಘವೆಂದರೇನು? ಆಕಾಶಕ್ಕೂ ಅದಕ್ಕೂ ಸಂಬಂಧವಿಲ್ಲ. ದೂರದ ಊರಿನಲ್ಲಿ ಭದ್ರವಾದ ಕಟ್ಟಡ. ಅದರೊಳಗೆ ಸಾಲುಸಾಲಾಗಿ ಹಗಲಿರುಳು ನಡೆಯುವ ಗಣಕಯಂತ್ರಗಳು. ಅವುಗಳಲ್ಲಿ ಬಾಡಿಗೆಗೆ ಪಡೆದ ಜಾಗ. ನಮ್ಮ ಕಚೇರಿಯ ಯಂತ್ರದಿಂದಾಗಲಿ ಕೈಯ ಮೊಬೈಲಿನಿಂದಾಗಲಿ ಅಂತರಜಾಲದ ಮೂಲಕ ಆ ಜಾಗವನ್ನು ತೆರೆದು ನೋಡಬಹುದು. ಈ ವ್ಯಾಪಾರವನ್ನು ಅಮೆಜಾನ್ ಎಂಬ ಅಮೆರಿಕದ ಕಂಪೆನಿಯು ೨೦೦೬ರಲ್ಲಿ ದೊಡ್ಡ ಪ್ರಮಾಣದಲ್ಲಿ ಆರಂಭಿಸಿತು. ೨೦೧೫ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯವರು ಪುಣೆ, ಚೆನ್ನೈ, ಮುಂಬಯಿಗಳಲ್ಲಿಯೂ ೨೦೧೬ರಲ್ಲಿ ಅಮೆಜಾನಿನವರು ಮುಂಬಯಿಯಲ್ಲಿಯೂ ಇಂಥ ಉಗ್ರಾಣಗಳನ್ನು ತೆರೆದುದರಿಂದ ಈಗ ಭಾರತೀಯರ ಕಾಗದಗಳು ಭಾರತದಲ್ಲಿಯೇ ಇರುವಂತೆ ಏರ್ಪಡಿಸಿಕೊಳ್ಳುವುದು ಸಾಧ್ಯವಾಗಿದೆ. ಈ ಉಗ್ರಾಣದ ಮೇಲೆ ವಕೀಲರ ಕೆಲಸಕ್ಕೆಂದೇ ರಚಿಸಿದ ತಂತ್ರಾಂಶ ನಡೆಯುತ್ತದೆ. ಕೆನಡಾ ದೇಶದಲ್ಲಿ ೨೦೦೮ರಲ್ಲಿ ಹುಟ್ಟಿದ ಕ್ಲಿಯೊ ಎಂಬುದು ಅಂಥವುಗಳಲ್ಲಿ ಮೊದಲಿನವುಗಳಲ್ಲೊಂದು; ನಮ್ಮ ದೇಶದಲ್ಲಿಯೂ ಈಗ ಹಲವುಂಟು. ಕಕ್ಷಿಗಾರರ ಪಟ್ಟಿ, ಪ್ರತಿಯೊಂದು ದಾವೆಯ ಕಡತ, ವಾಯಿದೆಯ ಡೈರಿ, ಯಾರು ಯಾವ ಕೆಲಸ ಮಾಡಬೇಕೆಂಬ ಜ್ಞಾಪನೆ, ಫೀಸಿನ ಲೆಕ್ಕ ಇವೆಲ್ಲವನ್ನೂ ಅದು ಒಂದೇ ಕಡೆ ಇಡುತ್ತದೆ.

ಊರವರ ಸೊತ್ತನ್ನು ಪರರ ಕಟ್ಟಡದಲ್ಲಿಡುವುದು ಹೇಗೆಂಬ ಸಂಶಯವು ಸಹಜವೇ. ಆದರೆ ನಮ್ಮ ಹಿರಿಯರು ಇದನ್ನೇ ಹಣದ ವಿಷಯದಲ್ಲಿ ಒಮ್ಮೆ ವಿಚಾರಮಾಡಿ ತೀರ್ಮಾನಿಸಿದ್ದಾರೆ. ನೆಲದಲ್ಲಿ ಹೂಳಿ, ಭತ್ತದ ಕಣಜದಲ್ಲಿ ಅಡಗಿಸಿ ಹಣವನ್ನು ಕಾಯುತ್ತಿದ್ದ ಜನರ ನಡುವೆ ೧೯೦೬ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಉಡುಪಿಯಲ್ಲಿ ಬ್ಯಾಂಕು ಹುಟ್ಟಿತು. ಅದೇ ಮುಂದೆ ಕಾರ್ಪೊರೇಶನ್ ಬ್ಯಾಂಕೆಂದು ಹೆಸರಾಯಿತು. ೧೯೨೫ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಇವರು ಇದೇ ಊರಿನಲ್ಲಿ ಸ್ಥಾಪಿಸಿದ ಸಂಸ್ಥೆಯು ಸಿಂಡಿಕೇಟ್ ಬ್ಯಾಂಕಾಯಿತು. ೧೯೨೮ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಕೇಳಿ ಪಡೆಯಿತು. ಜನರು ನಂಬಿದುದು ಏಕೆ? ಕೊಟ್ಟ ಎರಡಾಣೆಯು ಕಾರ್ಡಿನಲ್ಲಿ ಬರೆಯಲ್ಪಡುತ್ತಿತ್ತು; ಬೇಕಾದಾಗ ಲೆಕ್ಕ ದೊರೆಯುತ್ತಿತ್ತು; ಕೇಳಿದರೆ ಹಣ ಹಿಂದಕ್ಕೆ ಬರುತ್ತಿತ್ತು. ೨೦೨೦ನೆಯ ಇಸವಿಯ ಎಪ್ರಿಲ್ ೧ರಂದು ಈ ಎರಡು ಬ್ಯಾಂಕುಗಳ ಹೆಸರುಗಳೂ ಅಳಿದು ಒಂದು ಯೂನಿಯನ್ ಬ್ಯಾಂಕಿನಲ್ಲಿಯೂ ಇನ್ನೊಂದು ಕೆನರಾ ಬ್ಯಾಂಕಿನಲ್ಲಿಯೂ ಸೇರಿಹೋದುವು. ಆದರೂ ಯಾರ ಠೇವಣಿಯೂ ಅಳಿಯಲಿಲ್ಲ. ಏಕೆಂದರೆ ಲೆಕ್ಕವು ಒಂದು ಕೈಯಿಂದ ಇನ್ನೊಂದು ಕೈಗೆ ಯಥಾವತ್ತಾಗಿ ದಾಟಿತು.

ಮೇಘದ ಕಂಪೆನಿಗಳನ್ನೂ ಇದೇ ಒರೆಗಲ್ಲಿನಲ್ಲಿ ತಿಕ್ಕಿ ನೋಡತಕ್ಕದ್ದೆಂದು ನಾವು ಸಲಹೆಯಿತ್ತೆವು. ಅದರಂತೆ ನಮ್ಮ ಶಿಷ್ಯರು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಕೇಳಿದರು. ಕಾಗದಗಳು ಯಾವ ದೇಶದಲ್ಲಿರುತ್ತವೆ? ನಾಳೆ ನಿಮ್ಮ ಕಂಪೆನಿ ಮುಚ್ಚಿದರೆ ಅಥವಾ ನಮಗೆ ನಿಮ್ಮ ಬಾಡಿಗೆ ಬೇಡವೆಂದಾದರೆ ಎಲ್ಲವನ್ನೂ ಸಾಮಾನ್ಯ ರೂಪದಲ್ಲಿ, ಯಾವ ಯಂತ್ರದಲ್ಲಾದರೂ ಓದಬಹುದಾದಂತೆ, ಎಷ್ಟು ದಿನಗಳೊಳಗೆ ಹಿಂದಕ್ಕೆ ಕೊಡುತ್ತೀರಿ? ನಿಮ್ಮ ನೌಕರರಲ್ಲಿ ಯಾರಿಗೆ ನಮ್ಮ ಕಡತವನ್ನು ತೆರೆಯುವ ಅಧಿಕಾರವುಂಟು? ಒಂದು ಕಂಪೆನಿಯವರು ಎರಡನೆಯ ಪ್ರಶ್ನೆಗೆ ಉತ್ತರ ಕೊಡದೆ ದರದಲ್ಲಿ ರಿಯಾಯಿತಿ ತೋರಿಸಿದರು. ಅವರನ್ನು ಕೂಡಲೇ ಬಿಟ್ಟುಬಿಟ್ಟುದಾಯಿತು.

ಸರಕಾರವೂ ನ್ಯಾಯಾಲಯಗಳೂ ಈ ದಾರಿಯಲ್ಲಿ ವಕೀಲರಿಗಿಂತ ಮುಂದಾಗಿಯೇ ನಡೆದಿವೆ. ೨೦೦೭ರಲ್ಲಿ ಆರಂಭವಾದ ಇ-ಕೋರ್ಟ್ಸ್ ಯೋಜನೆಯ ಮೂರನೆಯ ಹಂತಕ್ಕೆ ೨೦೨೩ನೆಯ ಸಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ೭,೨೧೦ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಅದರಲ್ಲಿ ಸುಮಾರು ೨,೦೩೮ ಕೋಟಿಯು ಹಳೆಯ ಕಡತಗಳ ಛಾಯೆ ತೆಗೆದು ಕಾಪಾಡುವುದಕ್ಕೇ ಮೀಸಲು. ಈಗ ಪ್ರತಿಯೊಂದು ಮೊಕದ್ದಮೆಗೂ ಸಿಎನ್‌ಆರ್ ಎಂಬ ೧೬ ಅಕ್ಷರಾಂಕಗಳ ಗುರುತುಂಟು. ಅದನ್ನು ಮೊಬೈಲಿನಲ್ಲಿ ಒತ್ತಿದರೆ ಮುಂದಿನ ವಾಯಿದೆ ಯಾವಾಗ, ಕಳೆದ ವಾಯಿದೆಯಲ್ಲಿ ಏನಾಯಿತು ಎಂಬುದನ್ನು ಕಾಪುವಿನ ಮನೆಯಲ್ಲಿ ಕುಳಿತ ಕಕ್ಷಿಗಾರನೂ ನೋಡಬಹುದು. ನ್ಯಾಯಾಲಯದ ಡೈರಿಯು ಬೆಳಕಿನಲ್ಲಿರುವಾಗ ವಕೀಲರ ಡೈರಿ ಮಾತ್ರ ಕಪಾಟಿನಲ್ಲಿದ್ದರೆ ಸರಿಯಾದೀತೆ?

ಕೆಲಸವು ಹೇಗೆ ನಡೆಯಿತೆಂಬುದನ್ನು ಹೇಳುವೆವು. ಎಲ್ಲವನ್ನೂ ಒಮ್ಮೆಗೇ ಸಾಗಿಸಲಿಲ್ಲ. ಮೊದಲು ನಡೆಯುತ್ತಿರುವ ದಾವೆಗಳ ಹೆಸರು, ಸಂಖ್ಯೆ, ವಾಯಿದೆಗಳು. ಅನಂತರ ಅವುಗಳ ಕಾಗದಗಳು. ಕೊನೆಗೆ ತೀರಿಹೋದ ದಾವೆಗಳ ಕಟ್ಟುಗಳು. ಕಾಗದಕ್ಕೆ ಹೆಸರಿಡುವುದಕ್ಕೂ ಒಂದು ನಿಯಮವಾಯಿತು: ವರ್ಷ, ದಾವೆಯ ಸಂಖ್ಯೆ, ಕಾಗದದ ಜಾತಿ, ಈ ಕ್ರಮವನ್ನು ಬಿಟ್ಟು ಯಾರೂ ಸ್ವೇಚ್ಛೆಯಿಂದ ಹೆಸರಿಡಕೂಡದು. ಛಾಯೆ ತೆಗೆದ ಪ್ರತಿಯೊಂದು ಪುಟವನ್ನೂ ಇನ್ನೊಬ್ಬರು ಮೂಲದೊಡನೆ ಹೋಲಿಸಿ ನೋಡತಕ್ಕದ್ದು. ನಾವು ಹಳೆಯ ಪತ್ರಗಳನ್ನು ಓದಿ ಸಾರಾಂಶವನ್ನು ಎರಡು ಸಾಲಿನಲ್ಲಿ ಬರೆಯುತ್ತಿದ್ದೆವು; ಕಿರಿಯ ಗುಮಾಸ್ತನು ಅದನ್ನು ಯಂತ್ರಕ್ಕೆ ಏರಿಸುತ್ತಿದ್ದನು. ಮೂರು ತಿಂಗಳ ತನಕ ಕೆಂಪು ಡೈರಿಯೂ ಯಂತ್ರದ ಡೈರಿಯೂ ಜೊತೆಯಾಗಿ ನಡೆಯಬೇಕೆಂದು ಹಿರಿಯ ಗುಮಾಸ್ತರು ಹಟ ಹಿಡಿದರು. ಯುವತಿ ವಕೀಲೆಗೆ ಇದು ದುಪ್ಪಟ್ಟು ಶ್ರಮವೆಂದು ತೋರಿತು; ನಮಗೂ ಹಾಗೆಯೇ ತೋರಿತ್ತೆಂದು ಒಪ್ಪಿಕೊಳ್ಳುತ್ತೇವೆ.

ಆ ಹಟವೇ ಒಬ್ಬ ವೃದ್ಧೆಯ ಹಣವನ್ನು ಕಾಪಾಡಿತು. ಕಾಪುವಿನ ಆ ತಾಯಿಯು ಮೀನಿನ ವ್ಯಾಪಾರದಲ್ಲಿ ಕೂಡಿಟ್ಟ ಎರಡು ಲಕ್ಷ ರೂಪಾಯಿಗಳನ್ನು ಕೈಗಡವಾಗಿ ಕೊಟ್ಟಿದ್ದಳು. ಸಾಲಗಾರನು ಕೊಟ್ಟ ಚೆಕ್ಕು ಬ್ಯಾಂಕಿನಿಂದ ಹಿಂದಕ್ಕೆ ಬಂದಿತ್ತು. ಇಂಥಲ್ಲಿ ಕಾಯಿದೆಯ ಎಣಿಕೆ ಬಹಳ ಬಿಗಿ. ಚೆಕ್ಕು ಹಿಂತಿರುಗಿದ ಸುದ್ದಿ ತಿಳಿದ ೩೦ ದಿನಗಳೊಳಗೆ ನೋಟೀಸು. ನೋಟೀಸು ಮುಟ್ಟಿದ ಮೇಲೆ ಸಾಲಗಾರನಿಗೆ ೧೫ ದಿನಗಳ ಅವಕಾಶ. ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು. ನೋಟೀಸು ಜೂನ್ ೨೦ರಂದು ಮುಟ್ಟಿತ್ತು. ಆಗಸ್ಟ್ ೫ರೊಳಗೆ ದೂರು ಕೊಡಬೇಕೆಂದು ಗುಮಾಸ್ತರು ಎಣಿಸಿ ಕೆಂಪು ಡೈರಿಯಲ್ಲಿ ಬರೆದುಕೊಂಡರು. ಯಂತ್ರದಲ್ಲಿಯೂ ೫-೮ ಎಂದೇ ಏರಿಸಿದರು. ನಾವು ದಿನವನ್ನು ಮೊದಲು ಬರೆಯುತ್ತೇವೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ತಂತ್ರಾಂಶವು ಅಮೆರಿಕದ ರೂಢಿಯಲ್ಲಿಯೇ ಇತ್ತೆಂಬುದು ಯಾರಿಗೂ ತೋಚಿರಲಿಲ್ಲ. ಅದು ಮೇ ೮ ಎಂದು ಓದಿಕೊಂಡು, ಆ ದಿನ ಕಳೆದುಹೋಯಿತೆಂದು ತಿಳಿದು, ಕೆಲಸವನ್ನು ಹಳೆಯವುಗಳ ಸಾಲಿಗೆ ಸೇರಿಸಿ ಮೌನವಾಯಿತು. ಜುಲೈ ತಿಂಗಳ ಕೊನೆಯ ಸಂಜೆ ಗುಮಾಸ್ತರು ಎರಡು ಡೈರಿಗಳನ್ನೂ ತಾಳೆ ನೋಡುತ್ತ, "ಮೇಡಂ, ಕಾಪುವಿನ ಚೆಕ್ಕಿನ ಕೇಸು ಯಂತ್ರದಲ್ಲಿ ಕಾಣುವುದಿಲ್ಲವಲ್ಲ?" ಎಂದು ಕೇಳಿದರು. ಕಚೇರಿಯಲ್ಲಿ ಒಂದು ನಿಮಿಷ ಯಾರೂ ಮಾತನಾಡಲಿಲ್ಲ. ತಡವಾದರೆ ತಕ್ಕ ಕಾರಣ ತೋರಿಸಿ ಕ್ಷಮೆ ಬೇಡುವುದಕ್ಕೆ ಕಾಯಿದೆಯಲ್ಲಿ ಅವಕಾಶವುಂಟು. ಆದರೆ ಯಂತ್ರವು ತಪ್ಪಾಗಿ ಓದಿತೆಂಬುದು ತಕ್ಕ ಕಾರಣವೆಂದು ಯಾವ ಬಾಯಿಂದ ಹೇಳುವುದು? ದೂರು ಮರುದಿನವೇ ದಾಖಲಾಯಿತು.

ಅಂದಿನಿಂದ ಆ ಕಚೇರಿಯಲ್ಲಿ ತಿಂಗಳನ್ನು ಅಂಕೆಯಲ್ಲಿ ಬರೆಯುವುದಿಲ್ಲ, ಹೆಸರಿನಿಂದಲೇ ಬರೆಯುತ್ತಾರೆ. ಒಬ್ಬರು ಏರಿಸಿದ ದಿನವನ್ನು ಇನ್ನೊಬ್ಬರು ಗಟ್ಟಿಯಾಗಿ ಓದಿ ಒಪ್ಪುತ್ತಾರೆ. ಮಳೆಗಾಲದಲ್ಲಿ ವಿದ್ಯುತ್ತೂ ಅಂತರಜಾಲವೂ ಕೈಕೊಡುವುದು ನಮ್ಮ ಕಡೆ ಹೊಸತಲ್ಲವಾದ್ದರಿಂದ, ಪ್ರತಿ ಸಂಜೆ ಮುಂದಿನ ಒಂದು ವಾರದ ವಾಯಿದೆಗಳ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ಗೋಡೆಗೆ ತೂಗಹಾಕುತ್ತಾರೆ. ಯಂತ್ರವು ಮರೆಯುವುದಿಲ್ಲ, ನಿಜ. ಆದರೆ ತಪ್ಪಾಗಿ ಹೇಳಿಕೊಟ್ಟುದನ್ನೂ ಅದು ಮರೆಯುವುದಿಲ್ಲ. ಶಾಲೆಯಲ್ಲಿ ಇಂಥ ಶಿಷ್ಯರನ್ನು ನಾವು ಬಹಳ ಕಂಡಿದ್ದೇವೆ.

ಯಂತ್ರದಿಂದಾದ ಉಪಕಾರವನ್ನೂ ಮರೆಮಾಚಲಾಗದು. ಒಂದು ದಿನ ಕಾರ್ಕಳದಿಂದ ಒಬ್ಬ ಗೃಹಸ್ಥರು ತಮ್ಮ ತಂಗಿಯ ಮೇಲೆ ದಾವೆ ಹೂಡಬೇಕೆಂದು ಬಂದರು. ಹೆಸರನ್ನು ಒತ್ತಿದೊಡನೆ, ಇಪ್ಪತ್ತು ವರ್ಷಗಳ ಹಿಂದೆ ಆ ತಂಗಿಯೇ ಇದೇ ಕಚೇರಿಯಲ್ಲಿ ತನ್ನ ಗುಟ್ಟುಗಳನ್ನು ಹೇಳಿಕೊಂಡು ಸಲಹೆ ಪಡೆದಿದ್ದಳೆಂಬುದು ತಿಳಿದುಬಂದಿತು. ಹಳೆಯ ಪದ್ಧತಿಯಲ್ಲಿ ಇದು ಯಾರಿಗೂ ನೆನಪಾಗುತ್ತಿರಲಿಲ್ಲ. ವಕೀಲರು ಆ ದಾವೆಯನ್ನು ಹಿಡಿಯಲಿಲ್ಲ. ಹೋಗುವಾಗ ಆ ಗೃಹಸ್ಥರು ತುಸು ಮುನಿದರಾದರೂ, ಇಂಥ ಕಚೇರಿಯಲ್ಲಿ ತಮ್ಮ ಗುಟ್ಟೂ ಭದ್ರವೆಂದು ಯೋಚಿಸಿ ನೋಡಿದರೆ ತಿಳಿದೀತು.

ಗುಟ್ಟಿನ ಮಾತು ಬಂದುದರಿಂದ ಕಾಯಿದೆಯ ಸಂಗತಿಯನ್ನೂ ಹೇಳಬೇಕು. ಕಕ್ಷಿಗಾರನು ವಕೀಲನಿಗೆ ಹೇಳಿದುದನ್ನು ವಕೀಲನು ಅವನ ಒಪ್ಪಿಗೆಯಿಲ್ಲದೆ ಹೊರಗೆಡಹಕೂಡದೆಂದು ೧೮೭೨ರ ಸಾಕ್ಷ್ಯ ಶಾಸನವು ವಿಧಿಸಿತ್ತು. ೨೦೨೪ರ ಜುಲೈ ೧ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ೧೩೨ನೆಯ ಪ್ರಕರಣವೂ ಅದನ್ನೇ ವಿಧಿಸುತ್ತದೆ. ಅಪರಾಧದ ಉದ್ದೇಶಕ್ಕಾಗಿ ಆಡಿದ ಮಾತು ಇದಕ್ಕೆ ಹೊರತು. ವಕೀಲನ ಗುಮಾಸ್ತರಿಗೂ ನೌಕರರಿಗೂ ಈ ಕಟ್ಟಳೆ ಅನ್ವಯಿಸುತ್ತದೆ. ವಕಾಲತ್ತು ಮುಗಿದ ಮೇಲೂ ಮುಗಿಯುವುದಿಲ್ಲ. ಜನರ ವೈಯಕ್ತಿಕ ವಿವರಗಳನ್ನು ಯಂತ್ರದಲ್ಲಿ ಇಡುವವರ ಮೇಲೆ ೨೦೨೩ರಲ್ಲಿ ಪ್ರತ್ಯೇಕ ಶಾಸನವೂ ಆಗಿದೆ. ಆದಕಾರಣ ಆ ಕಚೇರಿಯಲ್ಲಿ ನಾಲ್ವರಿಗೆ ನಾಲ್ಕು ಬೇರೆ ಬೇರೆ ಗುಪ್ತಪದಗಳು. ಅದರ ಮೇಲೆ ಮೊಬೈಲಿಗೆ ಬರುವ ಸಂಖ್ಯೆಯನ್ನೂ ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಯಾರು ಯಾವ ಕಡತವನ್ನು ಎಷ್ಟು ಹೊತ್ತಿಗೆ ತೆರೆದರೆಂಬುದು ದಾಖಲಾಗುತ್ತದೆ. ಕೆಲಸ ಬಿಟ್ಟು ಹೋಗುವವರ ಗುಪ್ತಪದವನ್ನು ಅದೇ ಸಂಜೆ ರದ್ದುಮಾಡತಕ್ಕದ್ದು. ನಮಗೆ ಕೊಟ್ಟಿದ್ದ ಗುಪ್ತಪದವನ್ನೂ ನಾಲ್ಕನೆಯ ತಿಂಗಳ ಕೊನೆಯ ದಿನ, ಕಾಫಿ ಕೊಟ್ಟ ಮೇಲೆ, ರದ್ದುಮಾಡಿದರು. ನಮಗೆ ಸಂತೋಷವೇ ಆಯಿತು.

ಇನ್ನೊಂದು ಭ್ರಮೆಯನ್ನು ಪರಿಹರಿಸಬೇಕು. ಮೇಘದಲ್ಲಿ ನಕಲು ಇದೆಯೆಂದು ಮೂಲವನ್ನು ಒಲೆಗೆ ಹಾಕಬಾರದು. ೨೦೦೦ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಶಾಸನವು ಯಂತ್ರದ ದಾಖಲೆಗಳಿಗೆ ಮಾನ್ಯತೆ ಕೊಟ್ಟಿದೆಯಾದರೂ ವೀಲುನಾಮೆಯನ್ನು ಅದರಿಂದ ಹೊರಗಿಟ್ಟಿದೆ. ವೀಲುನಾಮೆ ಕಾ‌ಗದದ ಮೇಲೆ ಸಹಿಯಾಗಿ, ಸಾಕ್ಷಿಗಳ ಸಹಿಯೊಡನೆ ಇರಲೇಬೇಕು. ಮನೆಯಲ್ಲಿ ಇಡಲು ಭಯವಿದ್ದವರು ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ರಿಜಿಸ್ಟ್ರಾರರಲ್ಲಿ ಠೇವಣಿ ಇಡುವುದಕ್ಕೆ ೧೯೦೮ರ ನೋಂದಣಿ ಶಾಸನದಲ್ಲಿಯೇ ಅವಕಾಶವುಂಟು. ಯಂತ್ರದ ದಾಖಲೆಯನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸುವಾಗಲೂ ಹೊಸ ಅಧಿನಿಯಮದ ೬೩ನೆಯ ಪ್ರಕರಣದಂತೆ ಪ್ರಮಾಣಪತ್ರ ಬೇಕು. ಅದರಲ್ಲಿ ಹ್ಯಾಷ್ ಎಂಬ ಗುರುತನ್ನು ನಮೂದಿಸಬೇಕು. ದಾಖಲೆಯ ಎಲ್ಲ ಅಕ್ಷರಗಳಿಂದ ಲೆಕ್ಕಹಾಕಿದ ಒಂದು ಸಂಕೇತವದು. ಒಂದಕ್ಷರ ಬದಲಾದರೂ ಸಂಕೇತವು ಬೇರೆಯಾಗಿ ಕಳ್ಳತನ ಹೊರಬೀಳುತ್ತದೆ. ವೇದಪಾಠದಲ್ಲಿ ಒಂದಕ್ಷರವೂ ಜಾರಬಾರದೆಂದು ಪದ, ಕ್ರಮ, ಜಟೆ, ಘನಗಳೆಂಬ ಪಾಠಗಳನ್ನು ಹಿರಿಯರು ಕಲ್ಪಿಸಿದ್ದರಷ್ಟೆ. ಉದ್ದೇಶವು ಎರಡು ಕಡೆಯೂ ಒಂದೇ.

ಗೃಹಸ್ಥರು ಮಾಡತಕ್ಕದ್ದೇನು? ವಕೀಲರಿಗೆ ಮೂಲಪತ್ರಗಳನ್ನು ಕೊಡುವಾಗ ಎಷ್ಟು, ಯಾವುವು ಎಂಬ ಪಟ್ಟಿಯನ್ನು ಎರಡು ಪ್ರತಿ ಮಾಡಿ ಒಂದರ ಮೇಲೆ ಅವರ ಸಹಿ ಪಡೆದು ಮನೆಯಲ್ಲಿಡಿರಿ. ದಾವೆಯ ಸಿಎನ್‌ಆರ್ ಸಂಖ್ಯೆಯನ್ನು ಕೇಳಿ ಬರೆದುಕೊಂಡು, ಮನೆಯ ಹುಡುಗ ಹುಡುಗಿಯರಲ್ಲಿ ಯಾರಾದರೊಬ್ಬರಿಗೆ ತಿಂಗಳಿಗೊಮ್ಮೆ ನೋಡುವ ಕೆಲಸವನ್ನು ವಹಿಸಿರಿ. ನಮ್ಮ ಕಾಗದಗಳು ಎಲ್ಲಿವೆ, ಯಾರು ನೋಡಬಹುದು ಎಂದು ವಕೀಲರನ್ನು ಸಂಕೋಚವಿಲ್ಲದೆ ಕೇಳಿರಿ. ಒಳ್ಳೆಯ ವಕೀಲರು ಇದರಿಂದ ಕೋಪಿಸಿಕೊಳ್ಳಲಾರರು. ದಾವೆ ತೀರಿದ ಮೇಲೆ ಮೂಲಗಳನ್ನು ಹಿಂದಕ್ಕೆ ಪಡೆಯಿರಿ. ಪತ್ರಗಳ ಛಾಯೆಯನ್ನು ಕುಟುಂಬದ ಹತ್ತು ಜನರ ವಾಟ್ಸಾಪಿಗೆ ಕಳುಹಿಸಬೇಡಿರಿ. ಬೀದಿಯಲ್ಲಿ ಒಣಹಾಕಿದ ಬಟ್ಟೆಗೂ ಅದಕ್ಕೂ ಭೇದವಿಲ್ಲ.

ನಮ್ಮ ಧರ್ಮಶಾಸ್ತ್ರಕಾರರು ವ್ಯವಹಾರಪದಗಳನ್ನು ಹದಿನೆಂಟಾಗಿ ವಿಂಗಡಿಸಿ, ಸಾಲದ ಬೆನ್ನಿಗೇ ಎರಡನೆಯದಾಗಿ ನಿಕ್ಷೇಪವನ್ನು ಹೇಳಿದ್ದಾರೆ. ನಂಬಿ ಇಟ್ಟುದೇ ನಿಕ್ಷೇಪ. ಇಟ್ಟುಕೊಂಡವನು ಇಟ್ಟ ಹಾಗೆಯೇ ಹಿಂದಕ್ಕೆ ಕೊಡತಕ್ಕದ್ದು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದುದಕ್ಕೆ ಮಾತ್ರ ಅವನು ಹೊಣೆಯಲ್ಲ. ನಮ್ಮ ತೀರ್ಥರೂಪರು ಆ ವಕೀಲರ ಮೇಲೆ ಒಂದು ಮಾತನ್ನೂ ಆಡಲಿಲ್ಲ. ಗೆದ್ದಲು ದೈವಿಕವೆಂದೇ ಅವರು ಭಾವಿಸಿದರು. ಅಂದಿಗೆ ಅದು ಸರಿ. ಇಂದು ಒಂದು ಕಾಗದದ ಮೂರು ಪ್ರತಿಗಳನ್ನು ಮೂರು ಊರುಗಳಲ್ಲಿಡುವುದು ಒಂದು ಹೊತ್ತಿನ ಕಾಫಿತಿಂಡಿಯ ಖರ್ಚಿನ ಕೆಲಸವಾಗಿರುವಾಗ, ಗೆದ್ದಲನ್ನೂ ನೆರೆಯನ್ನೂ ದೈವದ ಲೆಕ್ಕಕ್ಕೆ ಬರೆಯುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಉಗ್ರಾಣವು ಮುಂಬಯಿಗೆ ಹೋಗಲಿ, ಹೊಣೆಯು ಉಡುಪಿಯ ಕಚೇರಿಯಲ್ಲಿಯೇ ಉಳಿಯುತ್ತದೆ. ಅಷ್ಟೇ ಅಲ್ಲ, ಮೊದಲಿಗಿಂತ ಹೆಚ್ಚಾಗುತ್ತದೆ.

ಕೊನೆಯ ವಾರದಲ್ಲಿ ನಾವು ಬಿಚ್ಚಿದ ಒಂದು ಕಟ್ಟಿನಲ್ಲಿ ಕಾರ್ಕಳದ ಕಡೆಯ ಒಂದು ಕುಟುಂಬದ ಗೇಣಿರಶೀದಿಗಳು ಸಿಕ್ಕಿದುವು. ಅಂಚು ಹಳದಿಯಾಗಿದ್ದರೂ ಅಕ್ಷರಗಳು ಉಳಿದಿದ್ದುವು. ಛಾಯೆ ತೆಗೆದಾದ ಮೇಲೆ ವಕೀಲರು ಆ ಮನೆಯವರಿಗೆ ಹೇಳಿಕಳುಹಿಸಿದರು. ಮೊಮ್ಮಗನೊಬ್ಬನು ಮೋಟಾರುಬೈಕಿನಲ್ಲಿ ಬಂದು, ಅಜ್ಜನ ಹೆಸರನ್ನು ಓದಿ, ರಶೀದಿಗಳನ್ನು ಒಂದೊಂದಾಗಿ ಎಣಿಸಿ, ಇಪ್ಪತ್ತೆರಡೆಂದು ಬರೆದು ಸಹಿ ಹಾಕಿ ತೆಗೆದುಕೊಂಡು ಹೋದನು. ನಮ್ಮ ತೀರ್ಥರೂಪರ ಡಬ್ಬಿಯಲ್ಲಿ ಎಷ್ಟಿದ್ದುವೋ ನಾವರಿಯೆವು. ಕೊಡುವಾಗ ಯಾರೂ ಎಣಿಸಿರಲಿಲ್ಲ.